ಮಾನ್ಯಪುರದ ಸೀಮೆ: ಬೆಂಗಳೂರು ಗ್ರಾಮಾಂತರವೆಂಬ ಹೆಸರನ್ನು ಕುರಿತು

ನಾಡಿನ ಹೆಸರು ಅದರ ಚರಿತ್ರೆಯನ್ನು ತಿಳಿಸಬೇಕಲ್ಲದೆ ಮರೆಸಬಾರದು. 1986ರಲ್ಲಿ ಬೆಂಗಳೂರು ಜಿಲ್ಲೆಯನ್ನು ಇಬ್ಭಾಗಿಸಿದಾಗ ನಗರ ಜಿಲ್ಲೆಗೆ ಸೇರದೆ ಉಳಿದ ಸೀಮೆಗೆ ‘ಬೆಂಗಳೂರು ಗ್ರಾಮಾಂತರ’ವೆಂದು ಹೆಸರಾಯಿತು. 2007ರಲ್ಲಿ ರಾಮನಗರ ಜಿಲ್ಲೆಯು ಬೇರೆಯಾಗಲು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಮಾತ್ರ ನಿಂತುವು. 2025ರ ಜುಲೈಯಲ್ಲಿ ರಾಜ್ಯದ ಸಚಿವ ಸಂಪುಟವು ಇದನ್ನು ‘ಬೆಂಗಳೂರು ಉತ್ತರ’ವೆಂದು ಕರೆಯಲು ನಿಶ್ಚಯಿಸಿತು. ಎರಡು ಹೆಸರುಗಳೂ ನಗರವನ್ನೇ ನಡುವಿಟ್ಟುಕೊಂಡು ಹುಟ್ಟಿದವು. ಈ ಸೀಮೆಯು ನಗರದ ಅಂಚಿನಲ್ಲಿ ಬೆಳೆದುದೆಂಬ ಭಾವನೆಗೆ ಎಡೆಗೊಡುವುವು. ಶಾಸನಗಳ ಸಾಕ್ಷ್ಯವು ಇದಕ್ಕೆ ವಿರುದ್ಧವಾಗಿದೆ.

ನಂದಿಯ ಬೆಟ್ಟಗಳ ಕಡೆಯಿಂದ ಇಳಿದುಬರುವ ಅರ್ಕಾವತಿಯು ದೊಡ್ಡಬಳ್ಳಾಪುರದ ಮೇಲೆ ಹಾದು ಕಾವೇರಿಯನ್ನು ಕೂಡುವುದು. ದಕ್ಷಿಣ ಪಿನಾಕಿನಿಯು ಹೊಸಕೋಟೆಯ ಸೀಮೆಯನ್ನು ದಾಟಿ ತಮಿಳುನಾಡಿಗೆ ಸಾಗುವುದು. ಎರಡೂ ಮಳೆಯನ್ನು ನಂಬಿದ ಹೊಳೆಗಳಾದುದರಿಂದ ಇಲ್ಲಿಯ ಬೇಸಾಯಕ್ಕೆ ಕೆರೆಗಳೇ ಆಧಾರವಾದುವು. ಬೆಂಗಳೂರು ನಗರವೂ ಇದೇ ನೀರಿಗೆ ಋಣಿಯಾಗಿದೆ: ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದಕ್ಕೆ ನೀರೊದಗಿಸಿದ ಹೆಸರಘಟ್ಟದ ಕೆರೆಯು ಅರ್ಕಾವತಿಯದು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 9,90,923. ಅವರಲ್ಲಿ ಮುಕ್ಕಾಲು ಪಾಲಿನಷ್ಟು ಜನರು ಹಳ್ಳಿಗಳಲ್ಲಿದ್ದರು.

ಇನ್ನು ಪ್ರಾಚೀನತೆಯ ವಿಚಾರ. ದೊಡ್ಡಬಳ್ಳಾಪುರದ ಬಳಿಯ ರಾಜಘಟ್ಟದಲ್ಲಿ ಈ ಶತಮಾನದ ಮೊದಲಲ್ಲಿ ನಡೆದ ಉತ್ಖನನದಿಂದ ಬೌದ್ಧ ಚೈತ್ಯವೂ ಮಣ್ಣಿನ ಕಿರುಸ್ತೂಪಗಳೂ ಬೆಳಕಿಗೆ ಬಂದುವು. ನೆಲಮಂಗಲ ತಾಲ್ಲೂಕಿನ ಮಣ್ಣೆಯೇ ಗಂಗರ ಮಾನ್ಯಪುರ. ಎಂಟನೆಯ ಶತಮಾನದಲ್ಲಿ ಶ್ರೀಪುರುಷನು ಇಲ್ಲಿಂದ ಆಳಿದನು. ಸೇನಾಪತಿ ಶ್ರೀವಿಜಯನು ಇಲ್ಲಿ ಜಿನಾಲಯವನ್ನು ಕಟ್ಟಿಸಿದ ಸಂಗತಿಯನ್ನು 797ರ ಮಣ್ಣೆಯ ತಾಮ್ರಶಾಸನವು ತಿಳಿಸುವುದು. ‘ಬೆಂಗಳೂರು’ ಎಂಬ ಹೆಸರಾದರೋ ಸುಮಾರು 890ರ ಬೇಗೂರಿನ ವೀರಗಲ್ಲಿನಲ್ಲಿ ಕಾಣುವುದು. ಎಂದರೆ, ಆ ವೀರಗಲ್ಲಿಗೆ ಸುಮಾರು ನೂರು ವರ್ಷ ಮೊದಲೇ ಇಂದಿನ ‘ಗ್ರಾಮಾಂತರ’ದಲ್ಲಿ ರಾಜಧಾನಿಯೊಂದಿದ್ದಿತು. ಆ ರಾಜಧಾನಿಯು ಈಗ ಒಂದು ಸಣ್ಣ ಹಳ್ಳಿ.

ಶಿವಗಂಗೆಯ ವಿಷಯದಲ್ಲಿಯೂ ಶಾಸನವನ್ನು ಜನರ ಮಾತಿನಿಂದ ಬೇರ್ಪಡಿಸಿ ನೋಡಬೇಕು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯು 1131ರಲ್ಲಿ ಶಿವಗಂಗೆಯ ತೀರ್ಥದಲ್ಲಿ ತೀರಿಕೊಂಡಳೆಂದೂ ಆ ದುಃಖದಿಂದ ತಾಯಿ ಮಾಚಿಕಬ್ಬೆಯು ಬೆಳ್ಗೊಳದಲ್ಲಿ ಸಲ್ಲೇಖನವನ್ನು ಕೈಗೊಂಡಳೆಂದೂ ಶ್ರವಣಬೆಳಗೊಳದ ಶಾಸನದಿಂದ ತಿಳಿಯುವುದು. ರಾಣಿಯು ಬೆಟ್ಟದ ತುದಿಯಿಂದ ಧುಮುಕಿದಳೆಂಬ ಕಥೆಗೆ ಅದರಲ್ಲಿ ಆಧಾರವಿಲ್ಲ.

ದೇವನಹಳ್ಳಿಯ ಕೋಟೆ 1791ರಲ್ಲಿ ಕಾರ್ನ್‌ವಾಲೀಸನ ವಶವಾಯಿತು. ಟೀಪುವಿನ ಜನ್ಮಸ್ಥಳವಾದ ಆ ಊರಿನ ಬಳಿ 2008ರಲ್ಲಿ ವಿಮಾನ ನಿಲ್ದಾಣವು ತೆರೆಯಿತು. ಅಂದಿನಿಂದ ಹೊಲಗಳು ಬಡಾವಣೆಗಳಾಗುತ್ತಿವೆ. ಹೊಲದ ಬದುವಿನ ವೀರಗಲ್ಲನ್ನೂ ಕೆರೆಯ ಏರಿಯ ಶಾಸನವನ್ನೂ ಗುರುತಿಸುವವರಿಲ್ಲದಿದ್ದರೆ ಅವು ತಳಪಾಯದ ಕಲ್ಲಾಗಿ ಹೋಗುವುವು. ರೈಸರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವು ಈ ನಾಲ್ಕು ತಾಲ್ಲೂಕುಗಳ ಶಾಸನಗಳನ್ನೊಳಗೊಂಡಿದೆ. ಅದನ್ನು ಕೈಯಲ್ಲಿ ಹಿಡಿದು, ಯಾವ ಕಲ್ಲು ಇನ್ನೂ ಸ್ಥಳದಲ್ಲಿದೆಯೆಂದು ಊರೂರಿನ ಉಪಾಧ್ಯಾಯರು ವಿದ್ಯಾರ್ಥಿಗಳೊಡನೆ ನೋಡಿಬಂದರೆ ಮಹದುಪಕಾರವಾದೀತು. ಜಿಲ್ಲೆಯ ಹೆಸರು ಏನೇ ಆಗಲಿ, ಮಾನ್ಯಪುರದ ನೆನಪು ಉಳಿಯಬೇಕು.