ಮಾಯಾ ಕಾಲಗಣನೆ ಮತ್ತು ಪ್ರಳಯದ ಭೀತಿ

ಕ್ರಿ.ಶ. 2012ರ ಡಿಸೆಂಬರ್ 21ರಂದು ಲೋಕವು ನಾಶವಾಗುವುದೆಂಬ ವದಂತಿಯು ಕೆಲವು ವರ್ಷಗಳ ಕಾಲ ಅನೇಕ ದೇಶಗಳಲ್ಲಿ ಹರಡಿತ್ತು. ಪ್ರಾಚೀನ ಮಾಯಾ ಜನರ ಪಂಚಾಂಗವು ಅಂದಿಗೆ ಮುಗಿಯುವುದೇ ಇದಕ್ಕೆ ಪ್ರಮಾಣವೆಂದು ಹೇಳಲಾಗುತ್ತಿತ್ತು. ಆ ದಿನವೂ ಬಂದಿತು, ಕಳೆಯಿತು. ಲೋಕಕ್ಕೆ ಏನೂ ಆಗಲಿಲ್ಲ. ಆದರೆ ಮಾಯಾ ಜನರು ನಿಜವಾಗಿ ಹೇಳಿದ್ದೇನು ಎಂದು ವಿಚಾರಿಸಿದವರು ವಿರಳ.

ಇಂದಿನ ದಕ್ಷಿಣ ಮೆಕ್ಸಿಕೊ, ಗ್ವಾಟೆಮಾಲ ಮತ್ತು ಬೆಲೀಜ್ ಪ್ರದೇಶಗಳಲ್ಲಿ ಬಾಳಿದ ಈ ಜನರು ತಮ್ಮ ಶಾಸನಗಳಲ್ಲಿ ದೀರ್ಘಗಣನೆಯೆಂಬ ಕ್ರಮವನ್ನು ಬಳಸಿದರು. 20 ದಿನಗಳಿಗೆ ಒಂದು ವಿನಾಲ್, 18 ವಿನಾಲ್‌ಗಳಿಗೆ ಒಂದು ತುನ್, 20 ತುನ್‌ಗಳಿಗೆ ಒಂದು ಕತುನ್, 20 ಕತುನ್‌ಗಳಿಗೆ ಒಂದು ಬಕ್ತುನ್. ಹೀಗೆ ಒಂದು ಬಕ್ತುನ್ ಎಂದರೆ 1,44,000 ದಿನಗಳು. ಕ್ರಿ.ಪೂ. 3114ರಲ್ಲಿ ಆರಂಭವಾದ ಈ ಗಣನೆಯಲ್ಲಿ 13 ಬಕ್ತುನ್‌ಗಳು, ಅಂದರೆ ಸುಮಾರು 5,125 ವರ್ಷಗಳು, ತುಂಬಿದ್ದು 2012ರಲ್ಲಿ.

ಮೆಕ್ಸಿಕೊದ ತೊರ್ತುಗೆರೊ ಎಂಬಲ್ಲಿನ ಏಳನೆಯ ಶತಮಾನದ ಶಾಸನವು ಈ ದಿನವನ್ನು ಹೆಸರಿಸಿ, ಅಂದು ಒಬ್ಬ ದೇವತೆಯು ಇಳಿದು ಬರುವನೆನ್ನುತ್ತದೆ. ಓದಲು ಬರುವ ಭಾಗದಲ್ಲಿ ಲೋಕನಾಶದ ಮಾತಿಲ್ಲ. ಪಾಲೆಂಕೆಯ ಶಾಸನವಂತೂ ಇನ್ನೂ ಮುಂದಕ್ಕೆ ಹೋಗುತ್ತದೆ. 615ರಲ್ಲಿ ಪಟ್ಟವೇರಿದ ಪಕಾಲ್ ದೊರೆಯ ಪಟ್ಟಾಭಿಷೇಕದ ಸ್ಮರಣೆಯನ್ನು ಅದು ಕ್ರಿ.ಶ. 4772ರವರೆಗೆ ಲೆಕ್ಕ ಹಾಕಿದೆ. ತಮ್ಮ ದೊರೆಯನ್ನು ಅಷ್ಟು ದೂರದ ಕಾಲದಲ್ಲಿಯೂ ಸ್ಮರಿಸಬೇಕೆಂದು ಬಯಸಿದವರು 2012ಕ್ಕೆ ಸಕಲವೂ ಮುಗಿಯುವುದೆಂದು ನಂಬಿದ್ದರೆನ್ನುವುದು ಅಸಂಗತ.

ಹಾಗಾದರೆ ಈ ಭೀತಿ ಹುಟ್ಟಿದ್ದೆಲ್ಲಿ? 1966ರಲ್ಲಿ ಅಮೆರಿಕದ ವಿದ್ವಾಂಸ ಮೈಕೇಲ್ ಕೋ ಅವರು ತಮ್ಮ ಗ್ರಂಥದಲ್ಲಿ, ಹದಿಮೂರನೆಯ ಬಕ್ತುನ್ ಮುಗಿದಾಗ ಜಗತ್ತು ಅಳಿಯುವುದೆಂಬ ಊಹೆಯನ್ನು ಮಾಯಾ ಜನರ ಮೇಲೆ ಆರೋಪಿಸಿದರು. 1987ರಲ್ಲಿ ಹೊಸೆ ಆರ್ಗ್ವೆಲ್ಲೆಸ್ ಎಂಬ ಲೇಖಕರು ಆ ದಿನವನ್ನು ಮಾನವಕುಲದ ಮಹಾಪರಿವರ್ತನೆಯ ಮುಹೂರ್ತವೆಂದು ಸಾರಿದರು. 2009ರ ಒಂದು ಚಲನಚಿತ್ರವು ಪ್ರಳಯದ ದೃಶ್ಯಗಳನ್ನು ಮನೆಮನೆಗೂ ಮುಟ್ಟಿಸಿತು. ಭೂಮಿಗೆ ಯಾವ ಗ್ರಹವೂ ಅಪ್ಪಳಿಸದೆಂದು ನಾಸಾ ಸಂಸ್ಥೆಯೇ ಜನರಿಗೆ ಧೈರ್ಯ ಹೇಳಬೇಕಾಯಿತು. ಫ್ರಾನ್ಸಿನ ಬುಗರಾಶ್ ಬೆಟ್ಟದಲ್ಲಿ ಮಾತ್ರ ರಕ್ಷಣೆ ದೊರೆಯುವುದೆಂಬ ಸುದ್ದಿ ಹಬ್ಬಿದ್ದರಿಂದ, ಅಧಿಕಾರಿಗಳು ಆ ಬೆಟ್ಟಕ್ಕೆ ಹೋಗುವುದನ್ನೇ ನಿಷೇಧಿಸಿದರು.

ಈ ಪ್ರಸಂಗದಲ್ಲಿ ಮಾಯಾ ಜನರಿಗೆ ಆದ ಅನ್ಯಾಯವನ್ನು ಮರೆಯಲಾಗದು. 1562ರಲ್ಲಿ ಮಾನಿ ಎಂಬ ಊರಿನಲ್ಲಿ ಸ್ಪೇನಿನ ಪಾದ್ರಿ ದಿಯೆಗೊ ದೆ ಲಾಂದಾ ಅವರ ಗ್ರಂಥಗಳನ್ನು ರಾಶಿ ಹಾಕಿ ಸುಡಿಸಿದನು. ಕಾಲದ ಹಾವಳಿಯನ್ನೂ ಮನುಷ್ಯರ ದ್ವೇಷವನ್ನೂ ದಾಟಿ ಇಂದಿಗೆ ಉಳಿದಿರುವ ಪ್ರಾಚೀನ ಹಸ್ತಪ್ರತಿಗಳು ನಾಲ್ಕು ಮಾತ್ರ. ಮೊದಲು ಅವರ ಮಾತನ್ನು ಬೆಂಕಿಗೆ ಹಾಕಲಾಯಿತು. ಅನಂತರ ಅವರು ಆಡದ ಮಾತನ್ನು ಅವರ ಬಾಯಿಗೆ ತುರುಕಲಾಯಿತು. ಮಾಯಾ ಜನರೇನೂ ಅಳಿದುಹೋದವರಲ್ಲ. ಲಕ್ಷಾಂತರ ಮಂದಿ ಇಂದಿಗೂ ತಮ್ಮ ಭಾಷೆಗಳನ್ನಾಡುತ್ತ ಬಾಳುತ್ತಿದ್ದಾರೆ. ಗ್ವಾಟೆಮಾಲದ ಬೆಟ್ಟಸೀಮೆಯಲ್ಲಿ 260 ದಿನಗಳ ಪವಿತ್ರ ಗಣನೆಯನ್ನು ತಪ್ಪದೆ ನಡೆಸುವ ಹಿರಿಯರಿದ್ದಾರೆ. ತಮ್ಮ ಪರಂಪರೆಯನ್ನು ಪ್ರಳಯದ ಹೆಸರಿನಲ್ಲಿ ವ್ಯಾಪಾರಕ್ಕಿಳಿಸಿದುದನ್ನು ಅಲ್ಲಿನ ಮಾಯಾ ಸಂಘಟನೆಗಳು 2012ರಲ್ಲಿ ಖಂಡಿಸಿದವು.

ಪರೀಕ್ಷಿಸದ ಮಾತನ್ನು ಸತ್ಯವೆಂದು ಹರಡುವವನು ಕೇಳುವವನ ನೆಮ್ಮದಿಯನ್ನು ಕೆಡಿಸುತ್ತಾನೆ. ಯಾರ ಹೆಸರಿನಲ್ಲಿ ಹರಡುತ್ತಾನೋ ಅವರ ಮಾನವನ್ನೂ ಕಳೆಯುತ್ತಾನೆ. ಮುಂದೆ ಇಂತಹ ಇನ್ನೊಂದು ದಿನಾಂಕವು ಕಿವಿಗೆ ಬಿದ್ದಾಗ, ಅದನ್ನು ಮೊದಲು ಹೇಳಿದವರಾರು, ಮೂಲದಲ್ಲಿ ಇರುವುದೇನು ಎಂದು ಕೇಳುವುದು ವಿವೇಕಿಗಳ ಕರ್ತವ್ಯ.