ಬರ್ಮಿಂಗ್‌ಹ್ಯಾಮ್ ಮೇಳಗಾನೋತ್ಸವದಲ್ಲಿ ಹಳತು ಹೊಸತು

ಇಂಗ್ಲೆಂಡಿನ ಮೇಳಗಾನೋತ್ಸವಗಳು ಹ್ಯಾಂಡೆಲನ ‘ಮೆಸಾಯ’ಕ್ಕೆ ಕಟ್ಟುಬಿದ್ದು ನೂತನ ಸಂಗೀತಕ್ಕೆ ವಿಮುಖವಾಗಿದ್ದುವೆಂಬ ಮಾತು ಆಗಾಗ ಕೇಳಿಬರುವುದುಂಟು. ಬರ್ಮಿಂಗ್‌ಹ್ಯಾಮ್ ನಗರದ ಉತ್ಸವವನ್ನು ಪರಿಶೀಲಿಸಿದರೆ ಈ ಮಾತು ಅರ್ಧಸತ್ಯವೆಂದು ನಮಗೆ ತೋರುತ್ತದೆ.

ಅಲ್ಲಿನ ಸಾರ್ವಜನಿಕ ಆಸ್ಪತ್ರೆಗೆ ಧನಸಂಗ್ರಹ ಮಾಡುವ ಉದ್ದೇಶದಿಂದ 1768ರಲ್ಲಿ ಮೊದಲಾದ ಈ ಉತ್ಸವವು 1784ರಿಂದ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ನಡೆಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ವಾದ್ಯಗಾರರೂ ಏಕಗಾಯಕರೂ ವೃತ್ತಿಪರರು. ಮೇಳದವರಾದರೋ ಬಹುಮಟ್ಟಿಗೆ ಹವ್ಯಾಸಿಗಳು. ‘ಮೆಸಾಯ’ ಜನರನ್ನು ಸೆಳೆದು ಆಸ್ಪತ್ರೆಗೆ ಹಣ ತರುತ್ತಿತ್ತು. ಅದು ಮೇಳದವರಿಗೆ ಕಂಠಸ್ಥವೆಂಬಷ್ಟು ಪರಿಚಿತವಾಗಿದ್ದುದರಿಂದ ಅಭ್ಯಾಸದ ಕಾಲವೂ ಉಳಿಯುತ್ತಿತ್ತು. ಹೀಗೆ ಉಳಿದ ಕಾಲವೇ ಹೊಸ ಕೃತಿಯ ಬಂಡವಾಳ.

1846ರ ಆಗಸ್ಟ್ 26ರಂದು ಮೆಂಡೆಲ್‌ಸನ್ ತನ್ನ ‘ಎಲೈಜ’ವನ್ನು ತಾನೇ ಮುಂದೆ ನಿಂತು ಅಲ್ಲಿನ ಪುರಭವನದಲ್ಲಿ ಹಾಡಿಸಿದನು. ಕೃತಿ ಹೊಸದಾದರೂ ಅದರ ಮೇಳಗೀತಗಳ ಕಟ್ಟಡ ಹ್ಯಾಂಡೆಲನನ್ನು ಹಾಡಿ ಪಳಗಿದ ಕಂಠಗಳಿಗೆ ಅಪರಿಚಿತವಾಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ಅದೇ ‘ಸಂಪ್ರದಾಯ’ವಾಯಿತು!

1900ರ ಅಕ್ಟೋಬರ್ 3ರಂದು ನಡೆದದ್ದು ಬೇರೆ. ಎಲ್ಗಾರ್‌ನ ‘ಜೆರಾಂಟಿಯಸನ ಕನಸು’ ಪೂರ್ಣವಾದುದು ಆಗಸ್ಟ್ ತಿಂಗಳಲ್ಲಿ. ಮೇಳವನ್ನು ಸಿದ್ಧಪಡಿಸಬೇಕಾಗಿದ್ದ ಸ್ವಿನ್ನರ್ಟನ್ ಹೀಪ್ ಜೂನ್ ತಿಂಗಳಲ್ಲೇ ತೀರಿಕೊಂಡಿದ್ದನು. ನಿವೃತ್ತನಾಗಿದ್ದ ವೃದ್ಧ ಸ್ಟಾಕ್ಲಿಯನ್ನು ಮರಳಿ ಕರೆತರಬೇಕಾಯಿತು. ನಿರ್ದೇಶಕ ಹಾನ್ಸ್ ರಿಕ್ಟರನಿಗೆ ಪೂರ್ಣ ಸ್ವರಲಿಪಿ ದೊರೆತುದು ಕೊನೆಯ ದಿನಗಳಲ್ಲಿ. ವಕ್ರಗತಿಯ ಸ್ವರಗಳುಳ್ಳ ದೆವ್ವಗಳ ಮೇಳಗೀತವನ್ನು ಹಾಡುವುದು ಅಲ್ಪಾಭ್ಯಾಸದಿಂದ ಸಾಧ್ಯವಾಗುವ ಮಾತಲ್ಲ. ಮೇಳ ಎಡವಿತು, ಎಲ್ಗಾರ್ ತೀರ ನೊಂದನು. ನ್ಯೂಮನ್ನನ ಕಾವ್ಯದ ಕ್ಯಾಥೊಲಿಕ್ ಭಾವವೂ ಕೆಲವರಿಗೆ ಹಿಡಿಸದೆ ಹೋಗಿರಬಹುದು. ಆದರೂ ಸೋಲಿನ ಮುಖ್ಯ ಕಾರಣ ಅಭಿರುಚಿಯಲ್ಲ, ಅಭ್ಯಾಸದ ಕೊರತೆ ಎಂದೇ ನಮ್ಮ ಅಭಿಪ್ರಾಯ.

ಇದಕ್ಕೆ ಸಾಕ್ಷಿ ಜರ್ಮನಿಯಲ್ಲಿದೆ. 1901ರ ಡಿಸೆಂಬರಿನಲ್ಲಿ ಯೂಲಿಯುಸ್ ಬೂಟ್ಸ್ ಡ್ಯೂಸೆಲ್‌ಡಾರ್ಫಿನಲ್ಲಿ ಇದೇ ಕೃತಿಯನ್ನು ಜರ್ಮನ್ ಭಾಷೆಯಲ್ಲಿ ಹಾಡಿಸಿ ಯಶಸ್ವಿಯಾದನು. 1902ರ ಮೇ ತಿಂಗಳಲ್ಲಿ ಅಲ್ಲಿಯೇ ನಡೆದ ಕೆಳರೈನ್ ಉತ್ಸವದಲ್ಲಿ ಅದು ಮತ್ತೆ ಕೇಳಿಬಂದಾಗ ರಿಚರ್ಡ್ ಸ್ಟ್ರೌಸ್ ಎಲ್ಗಾರ್‌ನನ್ನು ಬಹಿರಂಗವಾಗಿ ಕೊಂಡಾಡಿದನು. ಮತೀಯ ಅಡ್ಡಿ ನಿಜವಾಗಿ ಕಾಣಿಸಿದುದು ಅದೇ ವರ್ಷ ವೂಸ್ಟರ್ ಕತೀಡ್ರಲ್ಲಿನಲ್ಲಿ. ಅಲ್ಲಿ ಪಾಠವನ್ನು ತಿದ್ದಿದ ಮೇಲೆಯೇ ಹಾಡಲು ಅನುಮತಿ ದೊರೆಯಿತು. ಸ್ವರಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಬರ್ಮಿಂಗ್‌ಹ್ಯಾಮಿನವರು ಹೊಸ ಸಂಗೀತಕ್ಕೆ ಬೆನ್ನು ತಿರುಗಿಸಲೂ ಇಲ್ಲ. 1903ರ ಉತ್ಸವದಲ್ಲಿ ಎಲ್ಗಾರ್‌ನ ‘ಅಪಾಸಲ್ಸ್’ ಮೊದಲ ಬಾರಿಗೆ ಪ್ರಯೋಗವಾಯಿತು. ಆ ಸಲ ಮೇಳದ ಮುಂದೆ ನಿಂತವನು ಎಲ್ಗಾರ್‌ನೇ.