ಮಗಳ ಪಾಲು: ಭಾರತದಲ್ಲಿ ಮುಸ್ಲಿಂ ವಾರೀಸು ಕಾನೂನು ನಡೆದು ಬಂದ ದಾರಿ

ಕ್ರಿ.ಶ. 625ರಲ್ಲಿ ಉಹುದ್ ಯುದ್ಧ ನಡೆಯಿತು. ಅದರಲ್ಲಿ ಹುತಾತ್ಮರಾದವರಲ್ಲಿ ಸಅದ್ ಬಿನ್ ರಬೀಅ್ ಎಂಬ ಸಹಾಬಿಯೂ ಒಬ್ಬರು. ಅವರ ಪತ್ನಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿ(ಸ)ರ ಬಳಿಗೆ ಬಂದು ತಮ್ಮ ಸಂಕಟ ಹೇಳಿಕೊಂಡರೆಂದು ಹದೀಸ್ ಗ್ರಂಥಗಳು ತಿಳಿಸುತ್ತವೆ. ಸತ್ತವನ ಸಹೋದರ ಆಸ್ತಿಯನ್ನೆಲ್ಲ ವಶಪಡಿಸಿಕೊಂಡಿದ್ದ. ಕೈಯಲ್ಲಿ ಏನೂ ಇಲ್ಲದ ಹೆಣ್ಣುಮಕ್ಕಳ ಮದುವೆ ಹೇಗೆ ಎಂಬುದು ಆ ತಾಯಿಯ ಪ್ರಶ್ನೆಯಾಗಿತ್ತು. ಆ ಸಂದರ್ಭದಲ್ಲಿ ವಾರೀಸಿನ ಸೂಕ್ತ ಅವತೀರ್ಣವಾಯಿತು. ಪ್ರವಾದಿ(ಸ)ರು ಆ ಸಹೋದರನನ್ನು ಕರೆಸಿ, ಹೆಣ್ಣುಮಕ್ಕಳಿಗೆ ಮೂರನೇ ಎರಡು, ಅವರ ತಾಯಿಗೆ ಎಂಟನೇ ಒಂದು ಪಾಲು ಕೊಟ್ಟು ಉಳಿದದ್ದನ್ನು ನೀನು ತೆಗೆದುಕೋ ಎಂದು ತೀರ್ಪು ನೀಡಿದರು. ಒಟ್ಟು ಆಸ್ತಿಯನ್ನು 24 ಭಾಗ ಮಾಡಿದರೆ ಹೆಣ್ಣುಮಕ್ಕಳಿಗೆ 16, ತಾಯಿಗೆ 3, ಸಹೋದರನಿಗೆ 5. ಎಲ್ಲವನ್ನೂ ಹಿಡಿದುಕೊಂಡಿದ್ದವನಿಗೆ ಕಾಲು ಭಾಗವೂ ಉಳಿಯಲಿಲ್ಲ.

ಅನ್ನಿಸಾ ಅಧ್ಯಾಯದ 7, 11, 12 ಮತ್ತು 176ನೇ ಸೂಕ್ತಗಳು ಈ ಶಾಸ್ತ್ರದ ತಳಹದಿ. ಮೊದಲು ದಫನದ ಖರ್ಚು, ಆಮೇಲೆ ಸಾಲ, ಆಮೇಲೆ ವಸಿಯತ್ತು, ಕೊನೆಗೆ ವಾರೀಸುದಾರರ ಪಾಲು ಎಂಬುದು ಇದರ ಕ್ರಮ. ಪತ್ನಿಗೆ ಕೊಡದೆ ಉಳಿದ ಮಹ್ರ್ ಕೂಡ ಸಾಲವೇ. ಆದುದರಿಂದ ಪಾಲು ಹಂಚುವ ಮೊದಲೇ ಅದು ಸಲ್ಲಬೇಕು. ವಸಿಯತ್ತು ಆಸ್ತಿಯ ಮೂರನೇ ಒಂದು ಭಾಗವನ್ನು ಮೀರಬಾರದು ಎಂಬ ನಿಯಮಕ್ಕೆ ಸಅದ್ ಬಿನ್ ಅಬೀ ವಕ್ಕಾಸ್‌ರ ಘಟನೆ ಆಧಾರ. ಲೆಕ್ಕ ಸೂಕ್ಷ್ಮವಾದುದರಿಂದ ಇದು ಗಣಿತದ ಬೆಳವಣಿಗೆಗೂ ಕಾರಣವಾಯಿತು. 9ನೇ ಶತಮಾನದಲ್ಲಿ ಅಲ್ ಖ್ವಾರಿಝ್ಮಿ ಬರೆದ, ಬೀಜಗಣಿತಕ್ಕೆ ‘ಅಲ್ಜೀಬ್ರಾ’ ಎಂಬ ಹೆಸರನ್ನು ಕೊಟ್ಟ ಗ್ರಂಥದ ದೊಡ್ಡದೊಂದು ಭಾಗ ವಸಿಯತ್ತು ಮತ್ತು ವಾರೀಸಿನ ಲೆಕ್ಕಗಳಿಗೇ ಮೀಸಲಾಗಿದೆ. ಗಣಿತವೆಂದರೆ ಹಿಂಜರಿಯುವ ನಮ್ಮ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಕಂಪೆನಿ ಸರಕಾರದ ಕಾಲ

ಭಾರತದಲ್ಲಿ ಈ ಕಾನೂನು ಇಂದಿನ ನ್ಯಾಯಾಲಯಗಳಿಗೆ ಹೇಗೆ ಬಂತು? 1772ರಲ್ಲಿ ವಾರನ್ ಹೇಸ್ಟಿಂಗ್ಸ್ ರೂಪಿಸಿದ ನ್ಯಾಯ ಯೋಜನೆಯ ಪ್ರಕಾರ ವಾರೀಸು, ವಿವಾಹ ಮುಂತಾದ ವಿಷಯಗಳಲ್ಲಿ ಮುಸ್ಲಿಮರಿಗೆ ಕುರ್‌ಆನಿನ ಕಾನೂನು, ಹಿಂದೂಗಳಿಗೆ ಶಾಸ್ತ್ರದ ಕಾನೂನು ಅನ್ವಯವಾಗಬೇಕಿತ್ತು. ಅರಬಿ ಬಾರದ ಇಂಗ್ಲಿಷ್ ನ್ಯಾಯಾಧೀಶರಿಗೆ ಭಾಷಾಂತರ ಬೇಕಾಯಿತು. 1791ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ‘ಹಿದಾಯ’ವನ್ನು ಇಂಗ್ಲಿಷಿಗೆ ತಂದರು. ಅದರಲ್ಲಿ ವಾರೀಸಿನ ಅಧ್ಯಾಯವಿರಲಿಲ್ಲ. ಆ ಕೊರತೆಯನ್ನು 1792ರಲ್ಲಿ ವಿಲಿಯಂ ಜೋನ್ಸ್ ‘ಸಿರಾಜಿಯ್ಯ’ದ ಅನುವಾದದಿಂದ ತುಂಬಿದರು. ನ್ಯಾಯಾಧೀಶರಿಗೆ ಸಲಹೆ ನೀಡುತ್ತಿದ್ದ ಮೌಲವಿಗಳ ಹುದ್ದೆಗಳನ್ನು 1864ರಲ್ಲಿ ರದ್ದುಪಡಿಸಲಾಯಿತು. ಅಂದಿನಿಂದ ಅನುವಾದಿತ ಗ್ರಂಥಗಳು ಮತ್ತು ಹಳೆಯ ತೀರ್ಪುಗಳೇ ನ್ಯಾಯಾಲಯದ ಆಧಾರವಾದವು.

ಕಾನೂನನ್ನು ಮೀರಿದ ರೂಢಿ

ಗ್ರಂಥದಲ್ಲಿ ಪಾಲು ಇದ್ದರೂ ಮನೆಗಳಲ್ಲಿ ನಡೆಯುತ್ತಿದ್ದುದು ಬೇರೆ. 1847ರಲ್ಲಿ ಬೊಂಬಾಯಿಯ ಸುಪ್ರೀಂ ಕೋರ್ಟಿನ ಮುಂದೆ ಖೋಜಾ ಸಮುದಾಯದ ಹೆಣ್ಣುಮಕ್ಕಳ ದಾವೆ ಬಂತು. ತಂದೆಯ ಆಸ್ತಿಯಲ್ಲಿ ಕುರ್‌ಆನ್ ನಿಗದಿಪಡಿಸಿದ ಪಾಲು ನಮಗೆ ಸಿಗಬೇಕೆಂಬುದು ಅವರ ಬೇಡಿಕೆ. ಹೆಣ್ಣಿಗೆ ಪಾಲು ಕೊಡದಿರುವುದು ಆ ಸಮುದಾಯದ ರೂಢಿ ಎಂಬುದನ್ನು ಒಪ್ಪಿಕೊಂಡ ನ್ಯಾಯಾಧೀಶ ಎರ್ಸ್ಕಿನ್ ಪೆರ್ರಿ, ರೂಢಿಯ ಪರವಾಗಿ ತೀರ್ಪಿತ್ತರು. ಹೆಣ್ಣುಮಕ್ಕಳು ಸೋತರು. ಪಂಜಾಬಿನಲ್ಲಿ 1872ರ ಕಾನೂನು ವಾರೀಸಿನ ವಿಷಯದಲ್ಲಿ ರೂಢಿಗೇ ಮೊದಲ ಸ್ಥಾನ ಕೊಟ್ಟಿತು. ಅಲ್ಲಿಯೂ ಗಂಡುಮಕ್ಕಳಿರುವಾಗ ಹೆಣ್ಣುಮಕ್ಕಳಿಗೆ ಜಮೀನು ಸಿಗುತ್ತಿರಲಿಲ್ಲ.

ನಮ್ಮ ನೆರೆಯ ಮಲಬಾರಿನ ಕಥೆ ಇನ್ನೊಂದು ಬಗೆಯದು. ಉತ್ತರ ಮಲಬಾರಿನ ಮಾಪಿಳ್ಳ ಮನೆತನಗಳಲ್ಲಿ, ಕಣ್ಣೂರಿನ ಅರಕ್ಕಲ್ ರಾಜಮನೆತನದಲ್ಲಿಯೂ, ಮರುಮಕ್ಕತ್ತಾಯಂ ಪದ್ಧತಿಯಿತ್ತು. ಕರಾವಳಿಯ ನಮಗೆ ತಿಳಿದಿರುವ ಅಳಿಯಸಂತಾನದಂತೆ ಅಲ್ಲಿಯೂ ತರವಾಡಿನ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಮುಂದುವರಿಯುತ್ತಿತ್ತು. ಹೆಣ್ಣಿಗೆ ತಾಯಿಮನೆಯ ಭದ್ರತೆಯಿತ್ತು. ಆದರೆ ಒಬ್ಬಾತ ದುಡಿದು ಗಳಿಸಿದ್ದು ಆತನ ಮರಣಾನಂತರ ತರವಾಡಿಗೆ ಸೇರಿ, ಹೆಂಡತಿ ಮಕ್ಕಳು ಬರಿಗೈಯಲ್ಲಿ ಉಳಿಯುತ್ತಿದ್ದರು. 1918ರ ಮದರಾಸು ಮಾಪಿಳ್ಳ ಉತ್ತರಾಧಿಕಾರ ಕಾಯ್ದೆಯು ಸ್ವಯಾರ್ಜಿತ ಆಸ್ತಿಗೆ ಇಸ್ಲಾಮೀ ಕಾನೂನನ್ನು ಅನ್ವಯಿಸಿತು. 1939ರ ಕಾಯ್ದೆ ತರವಾಡಿನ ಆಸ್ತಿಯನ್ನು ಪಾಲು ಮಾಡಿಕೊಳ್ಳಲು ಅವಕಾಶ ಕೊಟ್ಟಿತು. ಕಚ್ಛೀ ಮೇಮನರು 1920 ಮತ್ತು 1938ರ ಎರಡು ಕಾಯ್ದೆಗಳ ಮೂಲಕ ಶರೀಅತ್ತಿನ ವ್ಯಾಪ್ತಿಗೆ ಬಂದರು.

1937ರ ತಿರುವು

ಸಮುದಾಯಕ್ಕೊಂದು ಕಾಯ್ದೆ ಮಾಡುವ ಬದಲು ಎಲ್ಲರಿಗೂ ಒಂದೇ ಕಾಯ್ದೆ ಬೇಕೆಂಬ ಬೇಡಿಕೆ ಬೆಳೆಯಿತು. ವಾಯವ್ಯ ಗಡಿ ಪ್ರಾಂತದಲ್ಲಿ 1935ರಲ್ಲಿ ಇಂಥ ಕಾಯ್ದೆ ಬಂತು. ಬಳಿಕ ಕೇಂದ್ರ ಶಾಸನ ಸಭೆಯಲ್ಲಿ ಹಾಫಿಝ್ ಮುಹಮ್ಮದ್ ಅಬ್ದುಲ್ಲಾ ಅವರು ಮಂಡಿಸಿದ ಮಸೂದೆ 1937ರಲ್ಲಿ ಶರೀಅತ್ ಅನ್ವಯ ಕಾಯ್ದೆಯಾಯಿತು. ರೂಢಿಯಿಂದಾಗಿ ಮುಸ್ಲಿಂ ಮಹಿಳೆಯ ಸ್ಥಿತಿ ನಾಚಿಕೆಗೇಡಿನದಾಗಿದೆ, ಮಹಿಳಾ ಸಂಘಟನೆಗಳು ಈ ರೂಢಿಯನ್ನು ಖಂಡಿಸಿವೆ ಎಂದು ಮಸೂದೆಯ ಉದ್ದೇಶಗಳ ಹೇಳಿಕೆಯಲ್ಲಿಯೇ ಬರೆಯಲಾಗಿತ್ತು. ಎಂದರೆ ಈ ಕಾಯ್ದೆಯ ಮುಖ್ಯ ಉದ್ದೇಶಗಳಲ್ಲಿ ಮಗಳ ಪಾಲನ್ನು ಉಳಿಸುವುದೂ ಒಂದು. ನಾವಿದನ್ನು ಮರೆತಿದ್ದೇವೆ.

ಕಾಯ್ದೆಯಲ್ಲಿ ಎರಡು ಕಿಂಡಿಗಳು ಉಳಿದವು. ಒಂದು, ಕೃಷಿ ಭೂಮಿಯನ್ನು ಹೊರಗಿಡಲಾಯಿತು. 1935ರ ಭಾರತ ಸರಕಾರದ ಕಾಯ್ದೆಯಂತೆ ಆ ವಿಷಯ ಪ್ರಾಂತಗಳಿಗೆ ಸೇರಿತ್ತು. ಇನ್ನೊಂದು, ಮುಹಮ್ಮದಲಿ ಜಿನ್ನಾರ ತಿದ್ದುಪಡಿಯಂತೆ ದತ್ತು ಮತ್ತು ವಸಿಯತ್ತಿನ ವಿಷಯಗಳು ಘೋಷಣೆ ಮಾಡಿಕೊಂಡವರಿಗೆ ಮಾತ್ರ ಅನ್ವಯವಾದವು. ಮೊದಲ ಕಿಂಡಿಯನ್ನು ಮದರಾಸು ಪ್ರಾಂತ 1949ರ ತಿದ್ದುಪಡಿಯಿಂದ ಮುಚ್ಚಿ, ಕೃಷಿ ಭೂಮಿಗೂ ಶರೀಅತ್ತನ್ನು ವಿಸ್ತರಿಸಿತು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸಿಗೆ ಸೇರಿತ್ತು. ನಮ್ಮ ಗದ್ದೆ ತೋಟಗಳ ಕಥೆಯೂ ಈ ಚರಿತ್ರೆಯ ಒಳಗೇ ಇದೆ.

ಇಂದಿನ ಪ್ರಶ್ನೆಗಳು

ಕಾನೂನು ರೂಢಿಯನ್ನು ಗೆದ್ದಿತು. ಆದರೆ ರೂಢಿ ಮನೆಯೊಳಗೆ ಬೇರೆ ವೇಷದಲ್ಲಿ ಉಳಿದುಕೊಂಡಿದೆ. ಮದುವೆಗೆ ಖರ್ಚು ಮಾಡಿದ್ದೇವೆ, ಚಿನ್ನ ಹಾಕಿದ್ದೇವೆ, ಇನ್ನು ಪಾಲೆಲ್ಲಿಯದು ಎಂಬ ಮಾತನ್ನು ಎಷ್ಟೋ ಮನೆಗಳಲ್ಲಿ ಕೇಳುತ್ತೇವೆ. ತಂದೆ ಬದುಕಿರುವಾಗಲೇ ಮಗಳಿಂದ ಹಕ್ಕುಬಿಡುಗಡೆ ಪತ್ರ ಬರೆಸಿಕೊಳ್ಳುವುದೂ ಉಂಟು. ಇಸ್ಲಾಮೀ ಕಾನೂನಿನಲ್ಲಿ ಜನ್ಮದಿಂದ ಹಕ್ಕಿಲ್ಲ. ತಂದೆಯ ಮರಣದ ಕ್ಷಣದಲ್ಲಿ ಹಕ್ಕು ಹುಟ್ಟುತ್ತದೆ. ಹುಟ್ಟದ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ, ಅಂಥ ಪತ್ರ ತತ್ತ್ವತಃ ಅನೂರ್ಜಿತ. ಆದರೆ ಪ್ರತಿಫಲ ಪಡೆದು, ತನ್ನ ನಡತೆಯಿಂದ ಇತರರನ್ನು ನಂಬಿಸಿದವರು ಮತ್ತೆ ಪಾಲು ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 1972ರಲ್ಲಿ ಗುಲಾಂ ಅಬ್ಬಾಸ್ ಪ್ರಕರಣದಲ್ಲಿ ಹೇಳಿದೆ. ಆದುದರಿಂದ ಓದದೆ ಸಹಿ ಹಾಕಬಾರದು.

ಬ್ಯಾಂಕಿನಲ್ಲಿ ನಾಮಿನಿಯಾದವನೇ ಹಣದ ಒಡೆಯ ಎಂಬುದು ಇನ್ನೊಂದು ತಪ್ಪು ತಿಳುವಳಿಕೆ. ಠೇವಣಿಯ ವಿಷಯದಲ್ಲಿ 2010ರಲ್ಲಿ, ಷೇರುಗಳ ವಿಷಯದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ನಾಮಿನಿ ಹಣವನ್ನು ಪಡೆಯಬಹುದು, ಆದರೆ ಅದು ಎಲ್ಲ ವಾರೀಸುದಾರರಿಗೂ ಸೇರಿದ್ದು.

ಪ್ರೊಬೇಟ್ ಎಂದರೆ ಉಯಿಲು ನಿಜವಾದದ್ದೆಂದು ನ್ಯಾಯಾಲಯ ಕೊಡುವ ದೃಢೀಕರಣ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಂ ಅದನ್ನು ಕೆಲವರಿಗೆ ಕಡ್ಡಾಯ ಮಾಡಿದ್ದರೂ ಮುಸ್ಲಿಮರ ಉಯಿಲುಗಳನ್ನು ಹೊರಗಿಟ್ಟಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಲಮನ್ನೇ ತೆಗೆದುಹಾಕಿತು. ಉಯಿಲು ಇಲ್ಲದೆ ತೀರಿಕೊಂಡವರ ಠೇವಣಿ, ಸಾಲಪತ್ರಗಳ ಹಣ ಪಡೆಯಲು ಬೇಕಾಗುವ ಉತ್ತರಾಧಿಕಾರ ಪ್ರಮಾಣಪತ್ರ ಮಾತ್ರ ಬೇರೆ. ಅದನ್ನು ಮುಸ್ಲಿಮರೂ ಅದೇ 1925ರ ಕಾಯ್ದೆಯಡಿ ನ್ಯಾಯಾಲಯದಿಂದ ಪಡೆಯಬಹುದು. ಮನೆ, ಜಮೀನಿಗೆ ಅದು ಅನ್ವಯಿಸುವುದಿಲ್ಲ.

ಅಜ್ಜನಿಗಿಂತ ಮೊದಲೇ ತಂದೆ ತೀರಿಹೋದ ಮೊಮ್ಮಕ್ಕಳ ವಿಷಯ ಇವೆಲ್ಲಕ್ಕಿಂತ ನೋವಿನದು. ಅಜ್ಜನ ಮರಣಕಾಲದಲ್ಲಿ ದೊಡ್ಡಪ್ಪ ಅಥವಾ ಚಿಕ್ಕಪ್ಪ ಬದುಕಿದ್ದರೆ ಆ ಅನಾಥರಿಗೆ ಪಾಲು ಬರುವುದಿಲ್ಲ. ಈಜಿಪ್ಟ್ 1946ರಲ್ಲಿ ಕಡ್ಡಾಯ ವಸಿಯತ್ತಿನ ಕಾನೂನು ತಂದು ಇದಕ್ಕೆ ಪರಿಹಾರ ಹುಡುಕಿತು. ಪಾಕಿಸ್ತಾನ 1961ರಲ್ಲಿ ಬೇರೆ ದಾರಿ ಹಿಡಿದು, ತೀರಿಹೋದ ತಂದೆಯ ಪಾಲನ್ನು ಮೊಮ್ಮಕ್ಕಳಿಗೆ ಕೊಟ್ಟಿತು. ಭಾರತದಲ್ಲಿ ಅಂಥ ಕಾಯ್ದೆಯಿಲ್ಲ. ಆದರೆ ಮೂರನೇ ಒಂದು ಭಾಗದ ವಸಿಯತ್ತಿನ ಅಧಿಕಾರ ಪ್ರತಿಯೊಬ್ಬ ಅಜ್ಜನ ಕೈಯಲ್ಲಿದೆ. ವಾರೀಸುದಾರರಲ್ಲದ ಆ ಮೊಮ್ಮಕ್ಕಳಿಗೆ ಅದನ್ನು ಬರೆದಿಡಲು ಯಾರ ಒಪ್ಪಿಗೆಯೂ ಬೇಕಿಲ್ಲ.

ಮಗನ ಪಾಲಿನ ಅರ್ಧ ಮಾತ್ರ ಮಗಳಿಗೆ ಏಕೆ ಎಂದು ಹೊರಗಿನವರು ಕೇಳುತ್ತಾರೆ. ಮಹ್ರ್ ಕೊಡುವ, ಸಂಸಾರ ಸಾಕುವ ಹೊಣೆ ಗಂಡಿನ ಮೇಲಿದೆ ಎಂದು ನಾವು ಉತ್ತರಿಸುತ್ತೇವೆ. ಆದರೆ ಆ ಅರ್ಧವನ್ನೂ ಕೊಡದ ಮನೆಯಿಂದ ಈ ಉತ್ತರ ಬಂದರೆ ಅದಕ್ಕೆ ಬೆಲೆಯಿಲ್ಲ. ತಂದೆಯ ಮರಣದ ನಂತರ ಪೌತಿ ಖಾತೆಗಾಗಿ ವಂಶವೃಕ್ಷ ಬರೆಸುವಾಗ ಮದುವೆಯಾಗಿ ಹೋದ ಅಕ್ಕ ತಂಗಿಯರ ಹೆಸರು ಅದರಲ್ಲಿದೆಯೇ ಎಂದು ನೋಡುವ ಕೆಲಸ ಮನೆಯಲ್ಲಿ ಓದಿದವರದು. ಪಹಣಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ ಎಂಬುದು ನಿಜ. ಆದರೆ ಅದನ್ನು ಸಾಬೀತುಪಡಿಸಲು ಒಬ್ಬ ತಂಗಿ ತನ್ನ ಅಣ್ಣನ ಮೇಲೆಯೇ ದಾವೆ ಹೂಡಬೇಕಾಗುತ್ತದೆ. ಆ ಸ್ಥಿತಿ ಬಾರದಂತೆ ನೋಡಿಕೊಳ್ಳಲು ಒಂದು ಸಾಲು ಬರೆಸಿದರೆ ಸಾಕು.